ಸುರಕ್ಷಿತ ಶಾಲೆಯ ಬೆಳ್ಳಿ ಕಪ್

ಪ್ರಿನ್ಸಿಪಾಲ್ ಮೇಡಂ ವೇದಿಕೆಯ ಮೇಲೆ ನಿಂತು ಕುರ್ಚಿ ತಂದು ಹಾಕಿದವನಿಗೂ ಧನ್ಯವಾದ ಹೇಳಿದರು. ಹೂಗುಚ್ಛದ ಅಂಗಡಿಯವನಿಗೆ, ಗೋಡೆಗೆ ಸುಣ್ಣ ಬಳಿದವನಿಗೆ, ಕೊನೆಗೆ ಸಮಾರಂಭ ಮುಗಿಯುವವರೆಗೆ ತಡೆದುಕೊಂಡ ಮಳೆಗೂ ಹೇಳಿದರು. ಮಕ್ಕಳು ಹೋ ಎಂದು ನಕ್ಕರು. ಪರದೆಯ ಹಿಂದೆ ಮೈಕಿನ ವೈರು ಕಾಯುತ್ತ ಕೂತಿದ್ದ ಅಲಾರಂ ಮಾಮನ ಸುದ್ದಿಯನ್ನೇ ಎತ್ತಲಿಲ್ಲ. ಮೇಡಂ ಕೈಯಲ್ಲಿ ಹೊಳೆಯುತ್ತಿದ್ದುದು, ಊರಿನಲ್ಲೇ ಅತ್ಯಂತ ಸುರಕ್ಷಿತ ಶಾಲೆ ಎಂದು ಬಂದ ಬೆಳ್ಳಿ ಕಪ್.

ಆ ಶಾಲೆಯ ಹೊಗೆ ಸೆನ್ಸರು, ಬೆಂಕಿ ಗಂಟೆ, ಗೇಟಿನ ಕ್ಯಾಮೆರಾ, ತರಗತಿಗಳ ಸ್ಪೀಕರು ಎಲ್ಲವೂ ಮಾಮನ ಕೈಯಲ್ಲೇ ಬೆಳೆದವು. ಬೆಳೆಸುವುದು ಸುಲಭವಾಗಿರಲಿಲ್ಲ. ಗಣಿತದ ಟೀಚರು ಸದ್ದು ಜಾಸ್ತಿ ಎಂದು ಸ್ಪೀಕರಿಗೆ ರಟ್ಟು ಅಂಟಿಸುತ್ತಿದ್ದರು. ಡ್ರಿಲ್ ಮಾಸ್ತರು ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದರು. ಸದಾ ಮುಚ್ಚಿರಬೇಕಾದ ಬಾಗಿಲಿಗೆ, ಗಾಳಿ ಬರಲಿ ಅಂತ, ಅದೇ ಸಿಲಿಂಡರನ್ನು ಅಡ್ಡ ಇಟ್ಟು ತೆರೆದಿಡುವವರೂ ಇದ್ದರು. ಗಂಟೆ ಹೊಡೆದರೆ, "ಮಾಮ, ಇದರ ಬಾಯಿ ಮುಚ್ಚಿಸ್ತೀರಾ?" ಹೊಡೆಯದಿದ್ದರೆ, "ಮಾಮ, ಇಷ್ಟು ದಿನ ಏನ್ ಮಾಡ್ತಿದ್ರಿ?" ಎಲ್ಲ ಸರಿಯಿದ್ದ ದಿನ ಮಾಮ ಎಂಬೊಬ್ಬ ಮನುಷ್ಯನಿದ್ದಾನೆ ಎಂಬುದೇ ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಮಾರನೆಯ ದಿನವೇ ಮೇಡಂ ಕರೆಸಿದರು. ಅವರ ಕೋಣೆಯ ಗಾಜಿನ ಬೀರುವಿನಲ್ಲಿ ಕಪ್ ಕೂತಿತ್ತು.

"ಇದಕ್ಕೊಂದು ಅಲಾರಂ ಹಾಕಿ ಮಾಮ. ಯಾರಾದ್ರೂ ಮುಟ್ಟಿದ್ರೆ ಕೂಗ್ಬೇಕು. ನಮ್ ಶಾಲೆ ಮರ್ಯಾದೆ ಇದು."

"ಆಯ್ತು ಮೇಡಂ."

"ಹಾಗೇ ಆ ಗಾಜೂ ಒರೆಸಿಬಿಡಿ."

ಮಾಮ ಒರೆಸಿದ. ಮನೆಗೆ ಹೋಗಿ ಚಪ್ಪಲಿಯನ್ನು ಮೂಲೆಗೆ ಒದ್ದ ರೀತಿಯಲ್ಲೇ ಹೆಂಡತಿಗೆ ಅರ್ಥವಾಯಿತು.

"ಎಷ್ಟು ದಿನಾಂತ ಹೀಗೆ ಹಲ್ಲು ಕಡೀತೀರ್ರೀ? ಹೋಗಿ ನೇರವಾಗಿ ಕೇಳಿ, ನನ್ನ ಯಾಕೆ ಮರೆತ್ರಿ ಅಂತ."

"ಕೇಳಿ ಇಸ್ಕೊಳ್ಳೋಕೆ ಅದೇನು ಪಕ್ಕದ ಮನೆ ಸಕ್ಕರೇನಾ?"

"ಹಾಗಾದ್ರೆ ಬಿಟ್ಟುಬಿಡಿ."

ಬಿಡುವುದು ಅವನಿಂದಾಗಲಿಲ್ಲ. ಊಟಕ್ಕೆ ಕೂತಾಗ ಒಂದು ಯೋಚನೆ ಬಂತು; ಅಪರೂಪಕ್ಕೆ ಎರಡನೇ ಸಲ ಬಡಿಸಿಕೊಂಡ. ಅತ್ಯಂತ ಸುರಕ್ಷಿತ ಶಾಲೆಯ ಸುರಕ್ಷತೆಯ ಕಪ್ಪೇ ಹಾಡಹಗಲಲ್ಲಿ ಮಾಯವಾಗಬೇಕು. ಮೇಡಂ ಒಂದಷ್ಟು ದಿನ ಬೆವರಬೇಕು. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಅದನ್ನು ಹುಡುಕಿ ಕೊಡುವವನು ಇವನೇ. ಆಗ ಹೇಗೆ ಮರೆಯುತ್ತಾರೋ ನೋಡೋಣ.

ಯೋಚಿಸಿದಷ್ಟೂ ಕೆಲಸ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು ಎನಿಸಿತು. ಬೆಂಕಿ ಗಂಟೆ ಹೊಡೆದರೆ ಶಾಲೆಯ ಕರೆಂಟಿನ ಬೀಗಗಳೆಲ್ಲ ತಾವಾಗಿ ಬಿಚ್ಚಿಕೊಳ್ಳುತ್ತವೆ, ಯಾರೂ ಒಳಗೆ ಸಿಕ್ಕಿಕೊಳ್ಳಬಾರದಲ್ಲ. ಮೇಡಂ ಕೋಣೆಯ ಬೀಗವೂ ಅದಕ್ಕೆ ಹೊರತಲ್ಲ. ಮೆಟ್ಟಿಲ ಕೆಳಗಿನ ಕೋಣೆಯ ಅಲಾರಂ ಪ್ಯಾನೆಲ್ಲಿನಿಂದ ಗಂಟೆ ಹೊಡೆಸಿ, ರಸಾಯನಶಾಸ್ತ್ರದ ಲ್ಯಾಬಿನ ಸೆನ್ಸರೇ ಕೂಗಿತೆಂದು ತೋರಿಸಬಹುದು. ಆ ಲ್ಯಾಬಿನ ಮೇಷ್ಟ್ರು ಏನನ್ನಾದರೂ ಸುಡುತ್ತಲೇ ಇರುವ ಪ್ರಾಣಿ. ಬೈಗುಳ ಅಲ್ಲಿಗೆ ಹೋಗುತ್ತದೆ. ಉಳಿದದ್ದು ಕ್ಯಾಮೆರಾ.

"ಮೇಡಂ, ಕ್ಯಾಮೆರಾ ರೆಕಾರ್ಡರಿನ ಫ್ಯಾನು ಕೆಟ್ಟಿದೆ. ನಾಳೆ ಬೆಳಿಗ್ಗೆ ಸ್ವಲ್ಪ ಹೊತ್ತು ಆಫ್ ಮಾಡ್ತೀನಿ."

"ಏನಾದ್ರೂ ಮಾಡಿ ಮಾಮ, ಕೂಗಿಸ್ಬೇಡಿ ಅಷ್ಟೆ," ಎಂದರು ಮೇಡಂ, ಫೋನಿನಿಂದ ತಲೆ ಎತ್ತದೆ.

ಆ 'ಅಷ್ಟೆ' ಅವನೊಳಗೆ ಉಳಿದಿದ್ದ ಚೂರುಪಾರು ಅಳುಕನ್ನೂ ಗುಡಿಸಿಹಾಕಿತು. ಕಪ್ ಹೊರಗೆ ಹೋಗುವುದು ಸತ್ತ ಬ್ಯಾಟರಿಗಳ ಪೆಟ್ಟಿಗೆಯಲ್ಲಿ. ಅದನ್ನು ಕಂಡರೆ ವಾಚ್‌ಮನ್ ಬೆನ್ನು ಹಿಡಿದುಕೊಂಡು ದೂರ ಸರಿಯುತ್ತಾನೆ, ಎಲ್ಲಿ ಒಂದು ಕೈ ಹಾಕು ಅಂದುಬಿಡುತ್ತಾರೋ ಎಂದು. ಇನ್ನು ಯಾರು ಎಲ್ಲಿರುತ್ತಾರೆ ಎಂಬುದು ಮಾಮನಿಗೆ ಬಾಯಿಪಾಠ. ಬೆಂಕಿಯ ತಾಲೀಮುಗಳನ್ನೆಲ್ಲ ಮಾಡಿಸಿದವನೇ ಅವನು. ಡ್ರಿಲ್ ಮಾಸ್ತರು ಮೆಟ್ಟಿಲ ಬಳಿ ಸೀಟಿ ಊದುತ್ತಾರೆ. ಗ್ರಂಥಾಲಯದಾಕೆ ಕಿಟಕಿ ಮುಚ್ಚಿ ಕೊನೆಗೆ ಇಳಿಯುತ್ತಾರೆ. ಅಡುಗೆಯಾಕೆ ಗ್ಯಾಸು ಆರಿಸಿ ಹಿತ್ತಿಲ ಬಾಗಿಲಿಂದ ಓಡುತ್ತಾಳೆ. ಮೇಡಂ ಕೈಮೈಕು ಹಿಡಿದು ಮೈದಾನದ ನಡುವೆ ನಿಲ್ಲುತ್ತಾರೆ. ಒಬ್ಬೊಬ್ಬರನ್ನೂ ಮನಸ್ಸಿನಲ್ಲೇ ನಡೆಸಿ, ನಿಲ್ಲಿಸಿ, ಮತ್ತೆ ನಡೆಸಿ ನೋಡಿದ. ಒಂದು ಕಾಲೂ ಎಡವಲಿಲ್ಲ.

ಮರುದಿನ ಮೂರನೇ ಪೀರಿಯಡ್ ಶುರುವಾಗುತ್ತಿದ್ದಂತೆ ಗಂಟೆ ಹೊಡೆಯಿತು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ನಿಂತ ಮಾಮನ ತಲೆಯ ಮೇಲೆ ನೂರಾರು ಕಾಲುಗಳು ದಡದಡ ಇಳಿದವು. ಸೀಟಿ ಕೇಳಿಸಿತು. ಕಿಟಕಿಗಳು ಮುಚ್ಚಿದ ಸದ್ದಾಯಿತು. ಗ್ರಂಥಾಲಯದಾಕೆಯ ಚಪ್ಪಲಿ ಪಟಪಟ ದಾಟಿ ಹೋಯಿತು. ಎಲ್ಲ ಅವನು ಬರೆದಿಟ್ಟ ನಾಟಕದ ಹಾಗೆ. ಬೀಗಗಳನ್ನು ಬಿಚ್ಚಿದಂತೆಯೇ ಬಿಟ್ಟು ಗಂಟೆಯ ಸದ್ದನ್ನಷ್ಟೇ ನಿಲ್ಲಿಸಿ, ಪೆಟ್ಟಿಗೆ ಎತ್ತಿಕೊಂಡು ಖಾಲಿ ಹಜಾರಕ್ಕೆ ಬಂದ. ತನ್ನ ವ್ಯವಸ್ಥೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ಹೊಗಳಲು ಒಬ್ಬನೂ ಇಲ್ಲವಲ್ಲ ಎಂದು ಅಷ್ಟರಲ್ಲೂ ಹೊಟ್ಟೆ ಉರಿಯಿತು.

ಮುಖ್ಯ ಬಾಗಿಲ ಪಕ್ಕದಲ್ಲೇ ಮೇಡಂ ಕೋಣೆ. ತಳ್ಳಿದರೆ ಬಾಗಿಲು ತೆರೆಯಿತು. ಮೇಜಿನ ಮೇಲೆ ಅರ್ಧ ಕುಡಿದ ಚಹಾ, ಬಿಟ್ಟುಹೋದ ಕನ್ನಡಕ. ತಾನೇ ಕೂರಿಸಿದ್ದ ಅಲಾರಮ್ಮಿನ ವೈರು ಬಿಡಿಸಿ ಬೀರು ತೆಗೆದ. ಕಪ್ ಎತ್ತಿದಾಗ ತೋಳಿಗೆ ಭಾರವೇ ಗೊತ್ತಾಗಲಿಲ್ಲ. ಉಗುರಿನಿಂದ ಕೆರೆದು ನೋಡಿದ. ಒಳಗೆಲ್ಲ ತಗಡು, ಮೇಲೊಂದು ಹೊಳಪು. ಇದಕ್ಕೆ ಇಷ್ಟು ಮೆರೆದಾಡಿದರಲ್ಲ ಎಂದು ನಗು ಬಂತು.

ಆಗ ತಲೆಯ ಮೇಲಿನ ಸ್ಪೀಕರಿನಲ್ಲಿ ಮೈದಾನದ ಕೈಮೈಕು ಮಾತಾಡಿತು. "ಮಕ್ಕಳೆಲ್ಲ ಬಂದ್ರಲ್ಲಾ? ಟೀಚರ್ಸ್? ಅಡುಗೆಯವ್ರು?" ಒಂದು ಕ್ಷಣ ಬರೀ ಗೊರಗೊರ. ಆಮೇಲೆ ಮೇಡಂ ದನಿ ಒಡೆಯಿತು: "ಅಯ್ಯೋ, ಮಾಮ ಎಲ್ಲಿ? ಪ್ರತಿ ಸಲ ನನ್ನ ಪಕ್ಕದಲ್ಲೇ ನಿಂತಿರ್ತಿದ್ರಲ್ಲಾ... ಅಲಾರಂ ಮಾಮ ಒಳಗೇ ಇದ್ದಾರೆ! ಬನ್ನಿ, ಯಾರಾದ್ರೂ ಬನ್ನಿ!" ಮಾಮನ ಕೈ ಕಪ್ಪಿನ ಮೇಲೆ ಹಾಗೇ ನಿಂತಿತು. ಇಡೀ ಶಾಲೆಯನ್ನು ಎಣಿಸಿ ಮೈದಾನಕ್ಕೆ ಕಳಿಸಿದ್ದವನು, ಅಲ್ಲಿ ನಿಲ್ಲಬೇಕಾದವರಲ್ಲಿ ತಾನೂ ಒಬ್ಬ ಎಂಬುದನ್ನೇ ಎಣಿಸಿರಲಿಲ್ಲ. ಹೆಜ್ಜೆಗಳು ಆಗಲೇ ಮುಖ್ಯ ಬಾಗಿಲು ದಾಟಿದ್ದವು. ಎಲ್ಲರಿಗಿಂತ ಮುಂದೆ ಮೇಡಂ, ಬರಿಗಾಲಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕೆಂಪು ಸಿಲಿಂಡರನ್ನು ಮಗುವಿನ ಹಾಗೆ ಎದೆಗವಚಿಕೊಂಡು, ತೆರೆದೇ ಇದ್ದ ಕೋಣೆಯೊಳಗೆ ನುಗ್ಗಿದರು. "ಸದ್ಯ ಮಾಮ, ನಿಮಗೇನೂ ಆಗಿಲ್ಲ ತಾನೇ?" ಎಂದು ಅವನ ಮುಖವನ್ನೇ ನೋಡಿದರು, ಆಮೇಲೆ ನಿಧಾನವಾಗಿ, ಅವನು ಎದೆಗವಚಿಕೊಂಡಿದ್ದುದನ್ನು.