ಬಗ್ಗಿಸಿದ ಪೈಪು, ಬಿಚ್ಚಿಟ್ಟ ಜಪಸರ

ಭಾನುವಾರ ಬೆಳಿಗ್ಗೆ ಹಾನುಬಾಳಿನ ಕಾಫಿ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ನಿವೃತ್ತ ರೈಟರ್ ಕ್ಯಾಜಿಟನ್, ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಠಾಣೆಗೆ ಬಂದರು. ಹಿಂದಿನ ಸಂಜೆ ಅವರ ಹಳೆಯ ಕಾರು ಗೇಟು ದಾಟುವ ಮೊದಲೇ ಹೊತ್ತಿಕೊಂಡಿತ್ತು. ಅದರ ಪೆಟ್ರೋಲ್ ಪೈಪನ್ನು ಶುಕ್ರವಾರವಷ್ಟೇ ಮನೆಯಲ್ಲೇ ಬದಲಿಸಿದ್ದರು. ಆಗ ಕೈಜೋಡಿಸಿದವನು ಪಕ್ಕದ ಕಾರ್ಮಿಕರ ಲೈನ್‌ನ ಜೀಪ್ ಡ್ರೈವರ್ ಸುನಿಲ್‌ಕುಮಾರ್.

"ಆ ಸುನಿಲನೇ ಬೇಕಂತ ಮಾಡಿದ್ದು. ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಹೇಮಶ್ರೀ ಎಫ್‌ಐಆರ್ ದಾಖಲಿಸಿ, ಹನ್ನೊಂದರ ಹೊತ್ತಿಗೆ ಕಾನ್‌ಸ್ಟೇಬಲ್ ಗಣೇಶನೊಂದಿಗೆ ಸ್ಥಳಕ್ಕೆ ಹೋದರು. ಕ್ಯಾಜಿಟನ್ ಮತ್ತು ಸುನಿಲ್ ಎದುರಿಗೇ ಪಂಚನಾಮೆಗೆಂದು ಪೈಪ್ ಬಿಚ್ಚಿಸಿದರು. ಜೋಡಣೆಗಳೆಲ್ಲ ಬಿಗಿಯಾಗಿದ್ದವು. ಪೈಪ್ ಬಾಗಿದ ಕಡೆ ಅಡಿಯಲ್ಲಿ ಮಾತ್ರ ಹ್ಯಾಕ್ಸಾ ಬ್ಲೇಡು ಕೊಯ್ದ ಸಣ್ಣ ಗೆರೆ.

"ಪೈಪ್ ಬಗ್ಗಿಸಿದ್ದು ಯಾರು?"

"ಇಬ್ರೂವೆ ಮೇಡಂ," ಎಂದ ಸುನಿಲ್. "ಮಡಚ್ಕೋಬಾರ್ದು ಅಂತ ಒಳಗೆ ಮರಳು ತುಂಬಿ, ಒರಳುಕಲ್ಲಿಗೆ ಒತ್ತಿ ಬಗ್ಸಿದ್ವಿ. ಹಳೇದಕ್ಕೂ ಹೊಸದಕ್ಕೂ ಇವ್ರು ಬೆರಳಲ್ಲೇ ಸವರಿ ತಾಳೆ ನೋಡಿದ್ರು. ಬೆಂಕಿ ಹತ್ತಿದಾಗ ಇವ್ರನ್ನ ಎಳ್ದು ಈಚೆಗೆ ಹಾಕ್ದೋನೂ ನಾನೇ ಕಣ್ರೀ. ಜೈಲಿಗೆ ಹೋಗ್ಬುಟ್ರೆ ಜೀಪ್ ಯಾರು ಕೊಡ್ತಾರೆ ನಂಗೆ?"

ಬೆಂಕಿ ಕಾರಿನೊಳಕ್ಕೆ ನುಗ್ಗಿರಲಿಲ್ಲ. ಗಣೇಶ ಬಗ್ಗಿ ನೋಡಿದ. "ಮೇಡಂ, ಇವ್ರ ಕಾರಿನ ಕನ್ನಡೀಲಿ ಯಾವಾಗ್ಲೂ ಜಪಸರ ನೇತಾಡ್ತಿತ್ತು. ಈಗ ಬರೀ ಕೊಂಡಿ ಐತೆ. ಜಪಸರ ಇಲ್ಲ."

"ಎಲ್ಲಿಗೆ ಹೋಗುತ್ತೆ ಮಾರಾಯ?" ಕ್ಯಾಜಿಟನ್ ಗದರಿದರು. "ಪಾದ್ರಿಗಳು ಆಶೀರ್ವದಿಸಿ ಕಟ್ಟಿದ್ದು. ಅದನ್ನ ನೋಡ್ದೆ ನಾನು ಕೀ ತಿರುಗಿಸೋನಲ್ಲ. ನಿನ್ನೆನೂ ನೋಡೇ ಹೊರಟಿದ್ದು."

ಹೇಮಶ್ರೀ ಮನೆಯೊಳಗೆ ಹೋದರು. ದೇವರ ಪೀಠದಲ್ಲಿ, ಮಾತೆ ಮರಿಯಮ್ಮನವರ ಪ್ರತಿಮೆಯ ಪಾದದ ಬಳಿ ಆ ಜಪಸರವಿತ್ತು. ಹೊಗೆಯ ಮಸಿ ಒಂದಿಷ್ಟೂ ಸೋಕಿರಲಿಲ್ಲ. ಪಕ್ಕದಲ್ಲಿ ಕ್ಯಾಜಿಟನ್ನರ ಹೆಂಡತಿ ರೀಟಾ ನಿಂತಿದ್ದರು.

"ಯಾವಾಗ ಬಿಚ್ಚಿದ್ರಿ, ರೀಟಮ್ಮ?"

"ಶುಕ್ರವಾರ. ರಾತ್ರಿ, ನಾನು ಪೈಪ್ ಕೊಯ್ಯೋ ಮುಂಚೆ. ದೇವರ ವಸ್ತು ಇರೋ ಗಾಡಿಗೆ ಬ್ಲೇಡ್ ಹಾಕೋಕೆ ಮನಸ್ಸು ಬರ್ಲಿಲ್ಲ."

"ಯಾಕೆ ಕೊಯ್ದಿರಿ?"

"ಇವರಿಗೆ ಕಣ್ಣು ಸರಿಯಾಗಿ ಕಾಣಲ್ಲ. ಒಪ್ಪಲ್ಲ. ಶಾಲೆ ತಿರುವಲ್ಲಿ ಇವರ ಕಾರಿಗೆ ಸಿಗ್ತಿದ್ದ ಒಂದು ಮಗು ಚೂರಲ್ಲಿ ಉಳೀತು. ಹಳೇ ಪೈಪು ತುಕ್ಕು ಹಿಡಿದು ಕಾರು ನಿಂತಾಗ ದೇವರ ದಯೆ ಅಂದ್ಕೊಂಡೆ. ಇವರು ಹೊಸದು ಬಗ್ಗಿಸಿ ಹಾಕಿದ್ರು. ಪೆಟ್ರೋಲೆಲ್ಲ ಸೋರಿದ್ರೆ ಹೊರಡಲ್ಲ ಅಂತಿದ್ದೆ. ಬೆಂಕಿ ಬರುತ್ತೆ ಅಂತ ಗೊತ್ತಾಗ್ಲಿಲ್ಲ."

"ಸುನಿಲ್ ಮೇಲೆ ದೂರು ಕೊಟ್ಟಾಗ?"

"ಸುಮ್ಮನಿದ್ದೆ. ಅದು ಪೈಪ್ ಕೊಯ್ದಿದ್ದಕ್ಕಿಂತ ದೊಡ್ಡ ಪಾಪ."

ಮಧ್ಯಾಹ್ನ ರೀಟಾ ಅವರ ಬಂಧನದ ಕಾಗದಕ್ಕೆ ಸಹಿಯಾಯಿತು. ಹೊರಡುವ ಮುನ್ನ ರೀಟಾ ಜಪಸರವನ್ನು ಗಂಡನ ಮುಂದೆ ಹಿಡಿದರು. ಕ್ಯಾಜಿಟನ್ ಕೈ ಚಾಚಿದರು, ಸರಕ್ಕಿಂತ ಒಂದು ಗೇಣು ಆಚೆಗೆ, ಬರಿಗಾಳಿಗೆ.

ಸುನಿಲ್ ಹತ್ತಿರ ಬಂದು, ಆ ಕೈಯನ್ನು ಮೆಲ್ಲಗೆ ಹಿಡಿದು ಜಪಸರದ ಮೇಲಿಟ್ಟ.