ಅರ್ಧ ಸುತ್ತಿನ ಚಂದ್ರ

"ನನ್ನನ್ನ ಏನಂದ್ಕೊಂಡಿದ್ದೀಯ ನೀನು? ಹೇಳು!"

ಹಿತ್ತಲ ಬಾಗಿಲನ್ನು ದಬಕ್ಕನೆ ತಳ್ಳಿ ಬಂದವಳ ದನಿ ಕೇಳಿ ಅವನ ಕೈ ಟೆಲಿಸ್ಕೋಪಿನ ಮೇಲೆಯೇ ನಿಂತಿತು. ಸೂರ್ಯ ಆಗಷ್ಟೇ ಮುಳುಗಿದ್ದ. ನಡು ಆಕಾಶದಲ್ಲಿ ಅರ್ಧ ಚಂದ್ರನಿದ್ದ.

"ಯಾಕೆ ಬಂದೆ...?"

"ಮದುವೆ ಬೇಡ ಅಂತ ಅಕ್ಕನ ಕೈಲಿ ಹೇಳಿಕಳಿಸೋ ಗಂಡಸಿನ ಮುಖ ನೋಡೋಣ ಅಂತ ಬಂದೆ!"

ಅವಳು ಟೈಲರ್, ಅವನು ವಾಚ್ ರಿಪೇರಿಯವನು. ಮದುವೆ ನಿಶ್ಚಯವಾದಾಗಿನಿಂದ ಚಂದ್ರ ಕಂಡ ಸಂಜೆಯೆಲ್ಲ ಟೆಲಿಸ್ಕೋಪಿಗೆ ಮೊಬೈಲ್ ಸಿಕ್ಕಿಸಿ ಫೋಟೋ ತೆಗೆದು ಅವಳಿಗೆ ಕಳಿಸುತ್ತಿದ್ದ. ಮೊದಮೊದಲು ಒಂದೊಂದು ಕುಳಿಯನ್ನೂ ಎಣಿಸಬಹುದಿತ್ತು. ಬರುಬರುತ್ತಾ ಎಲ್ಲ ಮಸುಕು! ಕೇಳಿದರೆ 'ಗಾಳಿ ಸರಿಯಿಲ್ಲ' ಎಂಬ ಉತ್ತರ.

'ಕಾಟಾಚಾರಕ್ಕೆ ತೆಗೀತಾನೆ... ಮನಸ್ಸಿಲ್ಲ ಇವನಿಗೆ!' ಎಂದುಕೊಂಡವಳು, 'ಇಷ್ಟ ಇಲ್ದಿದ್ರೆ ಕಳಿಸ್ಬೇಡ' ಎಂದು ಸಿಟ್ಟಿನಲ್ಲಿ ಬರೆದುಬಿಟ್ಟಳು. ಮಾರನೆಯ ದಿನವೇ ಅವನ ಅಕ್ಕ ಬಂದು ಸಂಬಂಧ ಮುರಿದು ಹೋದಳು. ಹೇಳಿ, ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ?

"ಬೇರೆ ಯಾರಾದ್ರೂ ಇದ್ದಾರಾ?"

"ಅಯ್ಯೋ, ಇಲ್ಲ ಕಣೇ."

ಅವಳು ಮೊಬೈಲ್ ಕಿತ್ತು ಪಕ್ಕಕ್ಕಿಟ್ಟು ತಾನೇ ಟೆಲಿಸ್ಕೋಪಿಗೆ ಕಣ್ಣಿಟ್ಟಳು. ಅದೇ ಮಸುಕು! ಅವನೇ ಕಲಿಸಿದ್ದಂತೆ ಪಕ್ಕದ ಫೋಕಸ್ ಗುಂಡಿಯನ್ನು ಅರ್ಧ ಸುತ್ತು ತಿರುಗಿಸಿದಳು. ಚಂದ್ರ ಥಟ್ಟನೆ ಸ್ಪಷ್ಟವಾದ. ಕುಳಿಗಳ ಅಂಚು, ಅವುಗಳೊಳಗಿನ ಕಪ್ಪು ನೆರಳು, ಎಲ್ಲ ಕಂಡಿತು.

"ನೋಡು, ಅರ್ಧ ಸುತ್ತು! ನನಗೋಸ್ಕರ ಇಷ್ಟೂ ಮಾಡೋಕಾಗಲಿಲ್ವಾ ನಿನಗೆ?"

ಅವನು ಬಾಗಿ ನೋಡಿದ. ಎಷ್ಟೋ ಹೊತ್ತು ನೋಡಿದ. ಆಮೇಲೆ ಗುಂಡಿಯನ್ನು ಮೆಲ್ಲಗೆ ಮತ್ತೆ ಹಿಂದಕ್ಕೆ ತಿರುಗಿಸಿದ.

"ಈಗ ಸರಿ ಇದ್ಯಾ?"

ಅವಳು ಮತ್ತೆ ಕಣ್ಣಿಟ್ಟು ನೋಡಿದಳು. ಚಂದ್ರ ಪುನಃ ಮಸುಕಾಗಿದ್ದ!

"ನಿನಗೆ... ಕಾಣಿಸ್ತಿಲ್ವಾ?"

ಅವನು ಒಗೆಯುವ ಕಲ್ಲಿನ ಮೇಲೆ ಕುಸಿದ.

"ಯಾವುದನ್ನ ನೇರ ನೋಡ್ತೀನೋ ಅದೇ ಮಾಯ ಆಗುತ್ತೆ. ಎರಡೂ ಕಣ್ಣು. ಮೂರು ಜನ ಡಾಕ್ಟರಿಗೆ ತೋರಿಸಿದೆ... ಹೋಗಿದ್ದು ವಾಪಸ್ ಬರಲ್ವಂತೆ. ಅಂಗಡಿ ಮುಚ್ಚಿ ಹದಿನೈದು ದಿನ ಆಯ್ತು."

"ನನಗೆ ಯಾಕೆ ಹೇಳಲಿಲ್ಲ?"

"ನಿನ್ನ ಸಿಟ್ಟೇ ಒಳ್ಳೇದು ಅನ್ನಿಸ್ತು. ಬೈಕೊಂಡಾದ್ರೂ ಬೇಗ ಮರೀತೀಯ ಅಂತ..."

"ಪಾಪಿ!" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಸಿಟ್ಟಿನಲ್ಲಿ ತಾನು ಬರೆದ ಆ ಒಂದು ಸಾಲನ್ನು ನೆನೆದು ಇನ್ನಷ್ಟು ಅತ್ತಳು. ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳೋಣವೆಂದರೆ, ಅದು ಸುಳ್ಳೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

"ಎಲ್ಲ ಗೊತ್ತಾಯ್ತಲ್ಲ... ಇನ್ನು ಹೋಗು."

"ಹೋಗಲ್ಲ."

"ಚಂದ್ರ ಹೋಗಲಿ, ಅಂಗಡಿ ಹೋಗಲಿ... ನಿನ್ನ ಮುಖ ಕಾಣದೇ ಹೋಗುತ್ತಲ್ಲ, ಅದನ್ನ ನೆನೆಸ್ಕೊಂಡ್ರೆ ಜೀವ ಬಾಯಿಗೆ ಬರುತ್ತೆ ಕಣೇ. ಅಷ್ಟು ಇಷ್ಟ ನೀನು ನನಗೆ. ತುಂಬಾ ಭಯ ಆಗುತ್ತೆ."

"ನನಗೂ ಭಯಾನೇ."

"ಮತ್ತೆ ಯಾಕೆ ಇರ್ತೀಯ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮನೇಲಿ ಒಬ್ಬಳೇ ಹೆದರ್ಕೊಂಡು ಕೂರೋ ಬದ್ಲು ನಿನ್ನ ಪಕ್ಕದಲ್ಲೇ ಕೂತು ಹೆದರ್ತೀನಿ. ಸ್ವಲ್ಪ ಸರಿ... ಜಾಗ ಕೊಡು."

ಅವನು ಸರಿದು ಕೂತ.