ಆರ್ಕಿಡ್ ಎಲೆಯ ಮೇಲಿನ ಹೊಳಪು

"ಮೇಡಂ, ನನ್ನ ಮನೇಲಿ ಕೊಲೆ ಆಗಿದೆ," ಎಂದರು ಗಿಲ್ಜೂ. ಅವರು ಎದೆಗೆ ಒತ್ತಿಕೊಂಡಿದ್ದುದು ಒಂದು ಆರ್ಕಿಡ್ ಕುಂಡ.

ಕೊರಿಯಾದ ಜಿಯೋಂಜು ನಗರದ ನಮ್ಮ ಹಳೆಯ ಅಪಾರ್ಟ್‌ಮೆಂಟಿನಲ್ಲಿ ಏನು ಕಳೆದರೂ ಏನು ಕೆಟ್ಟರೂ ಜನ ಮಾಲ್ಸುನ್ ಅಕ್ಕನ ಬಾಗಿಲು ತಟ್ಟುತ್ತಿದ್ದರು. ಅಕ್ಕ ಹಿಂದೆ ಶಾಲೆಯಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದವರು. ನಾನು ಎದುರು ಮನೆಯವಳು. ನನ್ನ ಯಜಮಾನರು ಬುದ್ಧನ ಪಾದ ಸೇರಿದ ಮೇಲೆ, ಬೆಳಗಿನ ಜಪ ಮುಗಿಸಿ ಅಕ್ಕನ ಬಳಿ ಹೋಗಿ ಕೂರುವುದೇ ನನಗೆ ಉಳಿದ ಕೆಲಸವಾಗಿತ್ತು.

ಆ ಆರ್ಕಿಡ್ ಗಿಲ್ಜೂ ಅವರ ಹೆಂಡತಿ ಬೊಕ್ಸಿಲ್ ಸಾಕಿದ್ದು. ಮರುದಿನವೇ ಆಕೆಯ ಮೊದಲ ವರ್ಷದ ತಿಥಿ. ಪಟದ ಪಕ್ಕದಲ್ಲಿ ಆ ಕುಂಡವನ್ನೇ ಇಡಬೇಕೆಂದು ಮುದುಕರು ಕಾಯುತ್ತಿದ್ದರು.

"ಹಿರಿಯರ ಸಮಾಧಿ ಮೇಲಿನ ಹುಲ್ಲು ಕೊಯ್ಯೋಕೆ ಊರಿಗೆ ಹೋಗಿದ್ದೆ. ವಾರ ಬಿಟ್ಟು ಬಂದು ನೋಡಿದ್ರೆ ಹೀಗೆ! ಇದು ಸೊಸೆ ಹ್ಯೊಜಿನ್ ಕೆಲಸಾನೇ. 'ಮಾವ, ಇದಕ್ಕೆ ಕೆಂಪು ನುಸಿ ಹತ್ತಿದೆ, ಎಸೆದುಬಿಡಿ' ಅಂತ ಅವಳೇ ಅಂದಿದ್ಳು. ನಾಳೆ ತಿಥಿಗೆ ನನ್ನ ಹೊಸಿಲು ತುಳೀಬೇಡ ಅಂತ ಫೋನ್ ಮಾಡಿ ಹೇಳಿಬಿಟ್ಟೆ."

"ಅಯ್ಯೋ, ಬಾಯಿಗೆ ಬೀಗ ಇಲ್ವಾ ನಿಮಗೆ?" ಎಂದರು ಅಕ್ಕ. "ಮೊದಲು ಕುಂಡ ಕೊಡಿ."

ಎಲೆಗಳು ವಾರ್ನಿಶ್ ಬಳಿದಂತೆ ಹೊಳೆಯುತ್ತಿದ್ದವು. ಹೊಳಪಿನ ಕೆಳಗೆ ಹಳದಿ ಕಲೆಗಳು. ಅಕ್ಕ ಉಗುರಿನಿಂದ ಕೆರೆದರು. ಅಂಟಂಟಾದ ಪೊರೆ ಎದ್ದುಬಂತು. ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ಎಲೆ ತಿರುಗಿಸಿ ಅಡಿಭಾಗ ನೋಡಿದರು. ಅಲ್ಲೂ ಅದೇ ಪೊರೆ. ಮಣ್ಣಿಗೆ ಬೆರಳು ಚುಚ್ಚಿದರು. ಮಣ್ಣು ಹಸಿಯಾಗಿತ್ತು.

"ನೀವಿಲ್ಲದಾಗ ಮನೆಗೆ ಯಾರು ಬರ್ತಿದ್ರು?"

"ನೀರು ಹಾಕೋಕೆ ಹ್ಯೊಜಿನ್. ತಿಥಿ ಪಾತ್ರೆ ತೊಳೆದಿಡೋಕೆ ಬೊಕ್ಸಿಲ್‌ಳ ಅಕ್ಕ, ಅಂದ್ರೆ ಕೆಳಗಿನ ಮಹಡಿ ಒಕ್ನಿಮ್ ಅತ್ತಿಗೆ. ಬಾಗಿಲ ಬೀಗದ ನಂಬರು ಇಬ್ಬರಿಗೂ ಗೊತ್ತು."

ಅವರ ಬಾಲ್ಕನಿಗೂ ಹೋದೆವು. ನೀರು ಚಿಮುಕಿಸುವ ಬಾಟಲಿಯ ಮೂತಿಯಲ್ಲಿ ಹಳದಿ ಜಿಡ್ಡು ಕಟ್ಟಿತ್ತು. ಹಿಂತಿರುಗುವಾಗ ಅಕ್ಕ ನನ್ನನ್ನು ಕೇಳಿದರು, "ಮೊನ್ನೆ ಒಕ್ನಿಮ್ ನಿನಗೆ ಶಾವಿಗೆ ಸಾರು ತಂದುಕೊಟ್ಟಳಲ್ಲ, ಹೇಗಿತ್ತು?"

"ರುಚಿಯಾಗಿತ್ತು ಅಕ್ಕ. ಪಾಪ, ನಾನು ಒಲೆ ಹಚ್ಚೋದು ಬಿಟ್ಟಿದ್ದೀನಿ ಅಂತ ತಂದಿದ್ರು. ಮೇಲೆ ಮೊಟ್ಟೆಯ ಬಿಳಿಯನ್ನ ತೆಳ್ಳಗೆ ಬೇಯಿಸಿ ಕತ್ತರಿಸಿದ ಪಟ್ಟಿ ಹಾಕಿದ್ರು."

"ಹಳದಿ ಪಟ್ಟಿ?"

ನಾನು ಯೋಚಿಸಿದೆ. "ಇರಲಿಲ್ಲ."

"ಹೂಂ," ಎಂದು ಅಕ್ಕ ನಕ್ಕರು.

ಅಂದು ಸಂಜೆ ಅಕ್ಕ ಕರೆಸಿದ್ದರಿಂದ ಗಿಲ್ಜೂ ಅವರ ಮನೆಯಲ್ಲಿ ಎಲ್ಲರೂ ಸೇರಿದೆವು. ಹ್ಯೊಜಿನ್ ಅತ್ತು ಕಣ್ಣು ಊದಿಸಿಕೊಂಡು ಬಾಗಿಲ ಬಳಿಯೇ ಕುಳಿತಿದ್ದಳು. ಒಕ್ನಿಮ್ ಕೈಗೆ ಕರವಸ್ತ್ರ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

"ಇದು ಕೊಲೆ ಅಲ್ಲ, ಚಿಕಿತ್ಸೆ," ಎಂದು ಅಕ್ಕ ಶುರುಮಾಡಿದರು. "ಗಿಡ ಸಾಯಲಿ ಅನ್ನೋರು ನೀರು ನಿಲ್ಲಿಸಿದ್ರೆ ಸಾಕಿತ್ತು. ಆದ್ರೆ ಮಣ್ಣು ಹಸಿ ಇದೆ. ಅಂದ್ರೆ ಹ್ಯೊಜಿನ್ ತಪ್ಪದೆ ನೀರು ಹಾಕಿದ್ದಾಳೆ. ಇನ್ನು ನುಸಿ ಕೂರೋದು ಎಲೆಯ ಅಡಿಯಲ್ಲಿ. ಒಂದೊಂದು ಎಲೆ ಎತ್ತಿ ಅಡಿಗೂ ಚಿಮುಕಿಸಿದ್ದಾರೆ. ದ್ವೇಷ ಇರೋರಿಗೆ ಅಷ್ಟು ತಾಳ್ಮೆ ಎಲ್ಲಿರುತ್ತೆ?"

"ಹಾಗಾದ್ರೆ ಆ ಅಂಟು?" ಎಂದರು ಗಿಲ್ಜೂ.

"ಮೊಟ್ಟೆಯ ಹಳದಿ ಮತ್ತು ಅಡುಗೆ ಎಣ್ಣೆ ಕಡೆದು, ತುಂಬಾ ನೀರು ಬೆರೆಸಿ ಚಿಮುಕಿಸಿದ್ರೆ ನುಸಿ ಉಸಿರುಕಟ್ಟಿ ಸಾಯುತ್ತೆ. ವಿಷ ಬೇಡ. ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಬಾಟಲಿ ಮೂತೀಲಿ ಇದ್ದಿದ್ದೂ ಅದೇ ಹಳದಿ. ಹಳದಿ ಔಷಧಕ್ಕೆ ಹೋದ್ರೆ ಬಿಳಿ ಉಳಿಯುತ್ತೆ. ಸಾರಿನ ಮೇಲೆ ಬಿಳಿ, ಹಳದಿ ಎರಡೂ ಪಟ್ಟಿ ಇಲ್ಲದೆ ಬಟ್ಟಲು ಮುಟ್ಟದ ಹೆಂಗಸು, ಆವತ್ತು ಬರೀ ಬಿಳಿ ಹಾಕಿ ನನ್ನ ಎದುರು ಮನೆಗೆ ಕೊಟ್ಟಳು."

ಒಕ್ನಿಮ್ ತಲೆ ತಗ್ಗಿಸಿದರು.

"ಆದ್ರೆ ಅಂಗಡಿ ಎಣ್ಣೆ ಹೀಗೆ ಗಟ್ಟಿಯಾಗಲ್ಲ. ಪೊರೆ ಮೂಸಿದಾಗ ಪೆರಿಲ್ಲಾ ಬೀಜದ ಎಣ್ಣೆಯ ವಾಸನೆ ಬಂತು. ಹಿಂದೆ ನೆಲಕ್ಕೆ ಹಾಸೋ ಕಾಗದ ಗಟ್ಟಿಯಾಗಿ ಹೊಳೀಲಿ ಅಂತ ನಮ್ಮಮ್ಮಂದಿರು ಯಾವ ಎಣ್ಣೆ ಉಜ್ಜುತ್ತಿದ್ರು? ಇದೇ ಎಣ್ಣೆ. ಬಿಸಿಲಿಗೆ ಒಣಗಿ ಕಾಗದವನ್ನೇ ಚರ್ಮ ಮಾಡೋ ಎಣ್ಣೆ, ಎಲೆಯನ್ನ ಬಿಡುತ್ತಾ?"

"ಅಂಗಡಿ ಎಣ್ಣೆ ಹಾಕೋಕೆ ಮನಸ್ಸು ಬರಲಿಲ್ಲ," ಎಂದರು ಒಕ್ನಿಮ್. "ನನ್ನ ತಂಗಿ ಗಿಡ. ತಿಥಿಗೆ ಅಂತ ಗಾಣದಲ್ಲಿ ನಿಂತು ತೆಗೆಸಿದ ಹೊಸ ಎಣ್ಣೆ ಇತ್ತು. ಒಳ್ಳೇದನ್ನೇ ಹಾಕೋಣ ಅಂತ... ನೀರು ಕಮ್ಮಿ ಹಾಕಿದೆ, ಬೇಗ ವಾಸಿ ಆಗ್ಲಿ ಅಂತ. ಹ್ಯೊಜಿನ್‌ನ ಬೈದಾಗ ಬಾಯಿ ಬಿಡಬೇಕಿತ್ತು. ಹೆದರಿಬಿಟ್ಟೆ ಮಗಳೇ."

ಹ್ಯೊಜಿನ್ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತಳು. "ದೊಡ್ಡಮ್ಮ, ನಾನೂ ಎಸೆಯೋಕೇ ಹೇಳಿದ್ದೆ. ನೀವು ಉಳಿಸೋಕೆ ನೋಡಿದ್ರಿ."

ಅಕ್ಕ ಮಣ್ಣು ಸರಿಸಿ ಬುಡದ ಗಡ್ಡೆ ತೋರಿಸಿದರು. "ಒತ್ತಿ ನೋಡಿ, ಗಟ್ಟಿ ಇದೆ. ಎಲೆಗಳನ್ನ ಉಗುರುಬೆಚ್ಚನೆ ಸೋಪಿನ ನೀರಲ್ಲಿ ಒರೆಸಿ, ಆಮೇಲೆ ಬರೀ ನೀರಲ್ಲಿ ತೊಳೀರಿ. ಕೆಟ್ಟಿದ್ದನ್ನ ಕತ್ತರಿಸಿ, ನೆರಳಲ್ಲಿಡಿ. ಗಿಡ ಸತ್ತಿಲ್ಲ."

ಗಿಲ್ಜೂ ಗಡ್ಡೆಯನ್ನು ಒತ್ತಿ ನೋಡಿದರು. ಆಮೇಲೆ ಅಡುಗೆಮನೆಯತ್ತ ತಿರುಗಿ ಹೇಳಿದರು, "ಹ್ಯೊಜಿನ್, ನಾಳೆ ಬೇಗ ಬಾ. ಹಳದಿ ಪಟ್ಟಿ ನಾನೇ ಕತ್ತರಿಸ್ತೀನಿ. ನಿಮ್ಮತ್ತೆ ಥರ ತೆಳ್ಳಗೆ ಬರಲ್ಲ. ನೀನು ಪಕ್ಕದಲ್ಲಿ ನಿಂತು ಹೇಳಿಕೊಡಬೇಕು."

"ಬೆರಳು ಕತ್ತರಿಸಿಕೊಂಡ್ರೆ ಅದಕ್ಕೂ ನನ್ನನ್ನೇ ಬೈಬೇಡಿ, ಮಾವ," ಎಂದಳು ಹ್ಯೊಜಿನ್. ಮುದುಕರು ನಕ್ಕು, ನಗುತ್ತಲೇ ಅತ್ತರು.

ತಿಥಿಯ ದಿನ ಪಟದ ಪಕ್ಕದಲ್ಲಿ ಆ ಕುಂಡವೇ ಇತ್ತು, ಅರ್ಧ ಎಲೆಗಳೊಂದಿಗೆ. ಊಟದ ಸಾರಿನ ಮೇಲೆ ಹಳದಿ ಪಟ್ಟಿಗಳು ಒಂದೊಂದು ಹೆಬ್ಬೆರಳಿನಷ್ಟು ದಪ್ಪವಿದ್ದವು. ಒಕ್ನಿಮ್ ಅದನ್ನು ಕಂಡು, "ಬೊಕ್ಸಿಲ್ ನೋಡಿದ್ರೆ ಗಂಡನ ಕೈಯಿಂದ ಚಾಕು ಕಿತ್ಕೊಳ್ತಿದ್ಳು," ಎಂದರು.

ಮನೆಗೆ ಬಂದು ಬುದ್ಧನಿಗೆ ಕೈ ಮುಗಿದೆ. ಆಮೇಲೆ, ಯಜಮಾನರು ಹೋದ ಮೇಲೆ ಮೊದಲ ಬಾರಿಗೆ, ಒಲೆ ಹಚ್ಚಿ ಎರಡು ಮೊಟ್ಟೆ ಒಡೆದೆ. ಹಳದಿ ಬೇರೆ, ಬಿಳಿ ಬೇರೆ. ಮಾಲ್ಸುನ್ ಅಕ್ಕನಿಗೆ ಒಂದು ಬಟ್ಟಲು ಕೊಡಬೇಕಿತ್ತು.